ಮಂಡಿ ನೋವು

ಬಿಡದಿ
ಭಾನುವಾರ

ಅಕ್ಕೂರಿನ ದೊಡ್ಡಪ್ಪನವರಿಗೆ,

ನಮಸ್ಕಾರ. ನೀವು ಮುಂದೆ ನಿಂತು ಮಾಡಿಸುತ್ತಿರುವ ನನ್ನ ಸನ್ಮಾನದ ಆಹ್ವಾನ ಪತ್ರಿಕೆ ಬಂತು. ಭಾರತಕ್ಕೆ ಒಂದೇ ಒಂದು ಪಂದ್ಯ ಆಡಿದವಳನ್ನು ‘ಹಾಕಿ ತಾರೆ’ ಎಂದು ಅಚ್ಚು ಹಾಕಿಸಿದ್ದೀರಿ. ಆಗಲಿ. ಅದರ ಕೆಳಗೆ ‘ಮಂಡಿ ನೋವಿನಿಂದ ಆಟ ಬಿಟ್ಟವರು’ ಎಂದು ಬರೆಸುವಾಗ ನಿಮಗೆ ನಾಚಿಕೆಯಾಗಲಿಲ್ಲವೇ? ನನ್ನ ಮಂಡಿಗೆ ಏನೂ ಆಗಿರಲಿಲ್ಲ. ಮೊನ್ನೆ ಕೂಡ ರಾಮದೇವರ ಬೆಟ್ಟ ಹತ್ತಿ ಇಳಿದೆ. ನನ್ನ ಮದುವೆ ಗೊತ್ತುಮಾಡಿ, ಕೋಚ್‌ಗೆ ಫೋನಿನಲ್ಲಿ ಆ ಸುಳ್ಳು ಹೇಳಿದವರು ನೀವು. “ಒಂದ್ಸಲ ಇಂಡಿಯಾಗೆ ಆಡುದ್ಯಲ್ಲ, ಎಸ್ರು ಬಂತಲ್ಲ, ಇನ್ನೇನ್ ಬೇಕವ್ವ?” ಎಂದಿರಿ. ಅಪ್ಪ ಇಲ್ಲದ ಮನೆ, ಅವ್ವ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ನಿನ್ನೆ ನಿಮ್ಮ ಮೊಮ್ಮಗಳು ನವ್ಯಶ್ರೀ ಫೋನ್ ಮಾಡಿ ಅತ್ತಳು. ರಾಜ್ಯ ಹಾಕಿ ತಂಡದ ಕ್ಯಾಂಪಿಗೆ ಆಯ್ಕೆಯಾಗಿದ್ದಾಳಂತೆ. “ಅತ್ತೆ, ತಾತ ಕೋಚ್‌ಗೆ ನಂಗೂ ಮಂಡಿ ನೋವು ಅಂತ ಹೇಳ್‌ಬುಟ್ಟವ್ರೆ” ಎಂದಳು. ಸುಳ್ಳನ್ನಾದರೂ ಬದಲಾಯಿಸಬಾರದಿತ್ತೇ ದೊಡ್ಡಪ್ಪ?

ಅವಳ ಕೋಚ್ ಹತ್ತಿರ ನಾನು ಮಾತಾಡಿಯಾಗಿದೆ. ಕ್ಯಾಂಪ್ ಶುರುವಾಗುವುದು ಸನ್ಮಾನದ ದಿನವೇ. ನನಗೆಂದು ಮಾಡಿಸಿರುವ ರೇಷ್ಮೆಗೂಡಿನ ಹಾರವನ್ನು ನೀವೇ ಹಾಕಿಕೊಳ್ಳಿ. ಅಂದು ಬೆಳಗ್ಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ, ಅಡ್ಡ ನಿಲ್ಲಬೇಡಿ.

ರೇಷ್ಮೆ ಹುಳುಮನೆಯಲ್ಲಿ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಬೀಳದಂತೆ ಆಸರೆಗೆ ಕೊಟ್ಟಿದ್ದೀರಲ್ಲ, ನನ್ನ ಹಾಕಿ ಸ್ಟಿಕ್ಕು, ಅದನ್ನು ಒರೆಸಿ ಜಗಲಿ ಮೇಲೆ ಇಟ್ಟಿರಿ. ಚಂದ್ರಿಕೆಗೆ ಬೇರೆ ಕೋಲು ಹುಡುಕಿಕೊಳ್ಳಿ.

ನಿಮ್ಮ ತಮ್ಮನ ಮಗಳು,
ಭಾನುಪ್ರಿಯ