ಎದೆ ಕುಣಿದರೆ ಚಪ್ಪಾಳೆ ತಟ್ಟಬೇಡಿ

ತಗ್ಗೂರು
ಎರಡನೇ ವೈಶಾಖದ ನಲವತ್ತೊಂದನೇ ದಿನ, ಹಗ್ಗದ ವರ್ಷ ಇನ್ನೂರ ಆರು

ನಮಗಿಂತ ಬಹಳ ಹಿಂದೆ ಬದುಕಿದವರೇ,

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಬೇಸಿಗೆ ಬೆಳೆಯುತ್ತಾ ಹೋಗಿ ಒಂದು ವೈಶಾಖ ಸಾಲದಾದಾಗ ನಮ್ಮ ಹಿರಿಯರು ಎರಡು ಮಾಡಿಕೊಂಡರು. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ. ಸಿಟ್ಟು ನುಸುಳಿದರೆ ಮಾತ್ರ ನಾನು ಕ್ಷಮೆ ಕೇಳುವವಳಲ್ಲ. ನನ್ನ ಹೆಸರು ಗುರುಸಿದ್ದವ್ವ. ಊರಲ್ಲಿ ನನ್ನನ್ನು ಬಾಯಿಬಡಕಿ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ.

ನಾವು ಬೇಸಿಗೆ ತಡೆಯಲಾರದಷ್ಟು ಏರಿದಾಗ ತಗ್ಗೂರು ಬಿಟ್ಟು ಗುಡ್ಡದ ಮೇಲಿನ ಮೇಲೂರಿಗೆ ಹೋಗುವ ಜನ. ಹೋಗುವುದು ತೂಗುಬಂಡಿಯಲ್ಲಿ, ಅಂದರೆ ಉಕ್ಕಿನ ಹಗ್ಗಕ್ಕೆ ಜೋತುಬಿದ್ದು ಮೇಲೇರುವ ಡಬ್ಬಿ. ಆ ಹಗ್ಗ ಹಳೆಯದು, ಅದನ್ನು ಕಟ್ಟಿದಂದಿನಿಂದಲೇ ನಮ್ಮ ವರ್ಷದ ಎಣಿಕೆ. ಅಂಥದ್ದನ್ನು ಹೊಸೆಯುವ ವಿದ್ಯೆ ಈಗ ಯಾರಿಗೂ ಬಾರದು. ಆದ್ದರಿಂದ ಪ್ರತಿಯೊಬ್ಬರಿಗೂ ಇಷ್ಟೇ ಎಂದು ಹಗ್ಗದ ತೂಕ ಗೊತ್ತುಮಾಡಿದ್ದರು. ಮೀರಿದವರು ಬೇಸಿಗೆಯನ್ನು ಕೆಳಗೆ ನೆಲಮನೆಯಲ್ಲಿ, ಮಣ್ಣೊಳಗೆ ತೋಡಿದ ಕೋಣೆಯಲ್ಲಿ, ಕಳೆಯಬೇಕಿತ್ತು. ಮಳೆಗಾಲದಲ್ಲಿ ಬಾಗಿಲು ತೆಗೆದಾಗ ಕೆಲವರು ಎದ್ದು ಬರುತ್ತಿದ್ದರು, ಕೆಲವರನ್ನು ಹೊತ್ತು ತರುತ್ತಿದ್ದೆವು. ಹೀಗಾಗಿ ತೂಕದ ದಿನ ಹೆಂಗಸರು ಬಳೆ ಕಳಚಿ, ಜಡೆ ಕತ್ತರಿಸಿಕೊಂಡು, ಬೆಳಗಿನಿಂದ ತೊಟ್ಟು ನೀರು ಕುಡಿಯದೆ ಸಾಲಿನಲ್ಲಿ ನಿಲ್ಲುವುದು ರೂಢಿಯಾಯಿತು. ಗಂಡಸರು ಉಗುರು ಸಹ ಕತ್ತರಿಸಿಕೊಳ್ಳುತ್ತಿದ್ದರು. ಉಗುರು ಎಷ್ಟು ತೂಗೀತು, ಹೇಳಿ!

ಇಲ್ಲಿಗೆ ನಿಮ್ಮ ಪುಡಿ ಬಂತು. ಹಟಮಾರಿ ಕೊಬ್ಬನ್ನು ಕರಗಿಸುವ ಗಿಡಮೂಲಿಕೆ ಎಂದು ನೀವು ಡಬ್ಬಿಗಟ್ಟಲೆ ನುಂಗಿದಿರಂತೆ. ಹೊಟ್ಟೆ ತುಂಬ ಉಂಡು ಆಮೇಲೆ ಅದನ್ನು ಕರಗಿಸಲು ಇನ್ನೊಂದು ತಿನ್ನುವುದು! ನಿಮಗೇನು ಬಂದಿತ್ತು? ಚಹಾ ಎಲೆಯ ಸತ್ವ, ಕಹಿ ಕಿತ್ತಳೆಯ ಸಿಪ್ಪೆ, ಯಾವುದೋ ಪರದೇಶದ ಮರದ ತೊಗಟೆ. ಇವನ್ನು ಅರೆಯುವ ಬಗೆ ಬಾಯಿಂದ ಬಾಯಿಗೆ ನಮ್ಮವರೆಗೂ ಉಳಿದು ಬಂತು. ಎಷ್ಟು ತಿನ್ನಬೇಕು, ಯಾರು ತಿನ್ನಬಾರದು ಎಂಬುದು ಉಳಿಯಲಿಲ್ಲ. ನಾವು ಅದಕ್ಕೆ ಕುಣಿಪುಡಿ ಎಂದು ಹೆಸರಿಟ್ಟೆವು. ತಿಂದವರ ಎದೆ ಡವಡವ ಹೊಡೆದುಕೊಂಡರೆ ಕುಣಿತ ಬಂತು, ಕೊಬ್ಬು ಹೊರಟಿತು ಎಂದು ಅರ್ಥ. ಅಕ್ಕಪಕ್ಕದವರು ಬಂದು ಎದೆಗೆ ಕಿವಿಯಿಟ್ಟು ಕೇಳಿ, ಚಪ್ಪಾಳೆ ತಟ್ಟಿ, ಬೆಲ್ಲ ತಿಂದು ಹೋಗುತ್ತಿದ್ದರು.

ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ನನ್ನ ತಂಗಿ ನೀಲಗಂಗಾ ಹೆಣ್ಣು ಹೆತ್ತಿದ್ದಳು. ಬಾಣಂತನದ ಮೈ, ಸೊಂಟ ತುಂಬಿತ್ತು, ನೋಡಲು ಚೆಂದವಿದ್ದಳು. ಮೊಲೆಯುಣ್ಣುವ ಕೂಸು ತಾಯಿಯ ಮಡಿಲಲ್ಲಿ ತೂಕವಿಲ್ಲದೆ ಹೋಗಬಹುದಿತ್ತು, ಆದರೆ ತಾಯಿ ಕೆಳಗುಳಿದರೆ ಕೂಸೂ ಉಳಿಯಬೇಕು. ನೆಲಮನೆಯಲ್ಲಿ ಬೇಸಿಗೆ ದಾಟಿದ ಕೂಸನ್ನು ನಾನಂತೂ ಕಂಡಿಲ್ಲ. ನೀಲಗಂಗಾ ಪುಡಿ ಶುರುಮಾಡಿದಳು. ಹಸಿವು ಸತ್ತುಹೋಯಿತು, ನಿದ್ದೆ ಹೋಯಿತು, ಕೈ ನಡುಗತೊಡಗಿತು. ಕೂಸು ಕೂಡ ಮಲಗದೆ ಒಂದೇ ಸಮನೆ ಚೀರುತ್ತಿತ್ತು. ಹಾಲಿನಲ್ಲಿ ಅದಕ್ಕೂ ಕುಣಿತ ಇಳಿದಿದೆ ಎಂದು ಜನ ನಕ್ಕರು. ನಾನು ಪುಡಿಯ ಡಬ್ಬಿಯನ್ನು ಎರಡು ಸಲ ಬಚ್ಚಲಿಗೆ ಸುರಿದು ಬೈಸಿಕೊಂಡೆ. "ನೀ ಕಡ್ಡಿಹಂಗ ಅದೀ, ನಿನಗೇನ್ ತಿಳೀತೈತಿ ಅಕ್ಕಾ?" ಎಂದಳು.

ತೂಕದ ದಿನ ಅಂಗಳದ ಕಲ್ಲು ಹಂಚಿನಂತೆ ಕಾದಿತ್ತು. ನೀಲಗಂಗಾ ತಕ್ಕಡಿ ಹತ್ತಿದಳು. ಮುಳ್ಳು ಗೆರೆಯ ಮೇಲೆ ಬಂದು ನಿಂತಿತು. ಜನ ಹೋ ಎಂದರು. ಅವಳು ಇಳಿದು ಗೋಡೆಗೆ ಒರಗಿ ಕೂತು, "ಅಕ್ಕಾ, ಎದಿ ಭಾಳ ಕುಣ್ಯಾಕತ್ತೈತಿ" ಎಂದಳು. ಸುತ್ತಲಿದ್ದವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ನಾನು ಮುಟ್ಟಿ ನೋಡಿದರೆ ಮೈ ಕೆಂಡ, ಬೆವರಿನ ಒಂದು ಹನಿಯಿಲ್ಲ. ನೀರು, ನೀರು ಎಂದು ಕೂಗಿದೆ. ಅವಳ ಗಂಡ ಫಕೀರಪ್ಪ ತಂಬಿಗೆಗೆ ಕೈ ಅಡ್ಡ ಹಿಡಿದ. "ಬ್ಯಾಡವಾ, ಬಂಡಿ ಬಾಗಿಲದಾಗ ಇನ್ನೊಮ್ಮೆ ತೂಗತಾರ. ಈಗ ಕುಡದ್ರ ಮುಳ್ಳು ದಾಟತೈತಿ, ಸ್ವಲ್ಪ ತಡ್ಕೋ ನೀಲಾ." ನಾನು ಅವನನ್ನು ತಳ್ಳಿ ನೀರು ಹೊಯ್ದೆ. ನೀರು ಅವಳ ತುಟಿಯ ಅಂಚಿನಿಂದ ಹೊರಗೇ ಇಳಿಯಿತು. ಫಕೀರಪ್ಪ ಕೆಟ್ಟವನಲ್ಲ. ಹೆಂಡತಿ ಮಗುವನ್ನು ಉಳಿಸಿಕೊಳ್ಳಬೇಕೆಂದೇ ಹಾಗೆ ಮಾಡಿದ. ಇವತ್ತಿಗೂ ಯಾರಾದರೂ ನೀರು ಕೇಳಿದರೆ ಕೆಲಸ ಬಿಟ್ಟು ಓಡಿಹೋಗಿ ತರುತ್ತಾನೆ.

ಮೇಲೂರಿನ ಡಾಕ್ಟರಮ್ಮ ಜುಲೇಖಾ ಆಮೇಲೆ ನನಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಈ ಪುಡಿ ಮೈಗೆ ಸುಳ್ಳು ಹೇಳುತ್ತದಂತೆ. ಹುಚ್ಚುನಾಯಿ ಬೆನ್ನಟ್ಟಿದೆ, ಓಡು ಎಂದು ನಂಬಿಸುತ್ತದೆ. ಹೆದರಿದ ಮೈ ಕೊಬ್ಬಿನ ಬಾಗಿಲು ತೆರೆದು ಅದನ್ನು ರಕ್ತಕ್ಕೆ ಬಿಡುತ್ತದೆ. ಸೊಂಟ, ಹೊಟ್ಟೆಗಳಲ್ಲಿ ಆ ಬಾಗಿಲಿಗೆ ಅಗುಳಿಗಳು ಹೆಚ್ಚು. ಅದಕ್ಕೇ ಅಲ್ಲಿಯದು ಹಟಮಾರಿ. ತೊಗಟೆ ಹಾಕುವುದು ಆ ಅಗುಳಿ ಬೀಳದಂತೆ ತಡೆಯಲಿ ಎಂದು. ಆದರೆ ಹೊರಬಂದ ಕೊಬ್ಬನ್ನು ಮೈ ದುಡಿದು ಉರಿಸದಿದ್ದರೆ ಅದು ತಿರುಗಿ ಬಂದು ಕೂರುತ್ತದೆ. ನಿಜವಾಗಿ ಹೋಗುವುದು ಬಹಳ ಸ್ವಲ್ಪ. ತಕ್ಕಡಿಯಲ್ಲಿ ಇಳಿದದ್ದು ಹೆಚ್ಚಾಗಿ ನೀರು, ಉಣ್ಣದೆ ಬಿಟ್ಟ ಊಟ. ಅಷ್ಟರಲ್ಲಿ ಎದೆ ಮಾತ್ರ ಇಲ್ಲದ ನಾಯಿಗೆ ಹೆದರಿ ಹಗಲಿರುಳು ಓಡುತ್ತಿರುತ್ತದೆ. ಒಳಗೆ ಶಾಖ ಏರುತ್ತದೆ, ಚರ್ಮದ ರಕ್ತನಾಳ ಬಿಗಿದುಕೊಂಡು ಆ ಶಾಖವನ್ನು ಹೊರಗೆ ಬಿಡುವುದಿಲ್ಲ. ನಿಮ್ಮ ತಂಪು ಕಾಲದಲ್ಲೇ ಇದು ಕೆಲವರನ್ನು ಕೊಂದಿತ್ತಂತೆ. ನಮ್ಮ ವೈಶಾಖದಲ್ಲಿ ಕೇಳಬೇಕೆ?

ಆ ಮಳೆಗಾಲ ನಾವು ಹೆಂಗಸರು ತಕ್ಕಡಿಯ ಮೇಲೆ ಹತ್ತಿ ಕೂತೆವು. ಇಳಿಸಲು ಬಂದವರಿಗೆ ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಕೊನೆಗೆ ಕಟ್ಟಳೆ ಬದಲಾಯಿತು: ತಲೆಗಿಷ್ಟು ಎಂಬುದು ಹೋಗಿ ಮನೆಗಿಷ್ಟು ಎಂದಾಯಿತು. ಒಬ್ಬರ ತೂಕವನ್ನು ಇನ್ನೊಬ್ಬರು ಹಂಚಿಕೊಳ್ಳಬಹುದು. ಹಗ್ಗಕ್ಕೆ ಅದಕ್ಕಿಂತ ಹೆಚ್ಚಿನ ಕರುಣೆ ಸಾಧ್ಯವಿರಲಿಲ್ಲ.

ನೀಲಗಂಗಾಳ ಕೂಸು ಆ ಬೇಸಿಗೆ ತಾಯಿಯ ಪಾಲಿನ ತೂಕದಲ್ಲಿ, ನನ್ನ ಮಡಿಲಲ್ಲಿ ಮೇಲೇರಿ ಉಳಿಯಿತು. ಹೊನ್ನವ್ವ ಎಂದು ಹೆಸರು. ನಾನೂ ಫಕೀರಪ್ಪನೂ ಬೆಳೆಸಿದೆವು. ಈಗ ಅವಳೇ ಬಸುರಿ, ಅವಳದೂ ತಾಯಿಯದೇ ಸೊಂಟ. ಮೊನ್ನೆ ಅವಳ ಸೆರಗಿನ ಗಂಟಿನಲ್ಲಿ ಕುಣಿಪುಡಿ ಸಿಕ್ಕಿತು. "ಗಿಡದ ಪುಡೀನ ಅಲ್ಲೇನು ದೊಡ್ಡವ್ವಾ, ಏನಾಗತೈತಿ?" ಎಂದಳು. ಅವಳ ತಾಯಿ ಹೇಗೆ ಸತ್ತಳೆಂದು ಕೇಳಿಯೇ ಬೆಳೆದವಳು ಹೀಗೆಂದಳು. ನೆಲಮನೆಯ ಭಯ ಅಷ್ಟು ದೊಡ್ಡದು. ಹೀಗಾಗಿ ಮನೆಯ ತೂಕದಲ್ಲಿ ನನ್ನ ಪಾಲನ್ನು ಅವಳಿಗೆ ಬರೆಸಿದ್ದೇನೆ. ಅವಳು ಅತ್ತಳು, ಜಗಳವಾಡಿದಳು, ನಾನೇ ಗೆದ್ದೆ.

ನಿಮ್ಮನ್ನು ಕೇಳುವುದು ಇಷ್ಟೇ. ಯಾರಾದರೂ ಎದೆ ಕುಣಿಯುತ್ತಿದೆ ಎಂದರೆ ಪುಡಿ ಬಿಡಿಸಿ, ನೆರಳಿಗೆ ಕರೆದೊಯ್ದು ಡಾಕ್ಟರನ್ನು ಕರೆಯಿರಿ. ಗಿಡದ್ದು ಎಂದು ಸುಮ್ಮನಿರಬೇಡಿ. ಪುಡಿ ಅರೆಯುವುದನ್ನು ಮಕ್ಕಳಿಗೆ ಕಲಿಸುವುದಾದರೆ ಅದು ಕೊಲ್ಲುತ್ತದೆ ಎಂಬುದನ್ನೂ ಅದೇ ಉಸಿರಿನಲ್ಲಿ ಕಲಿಸಿ.

ಇವತ್ತು ಬೆಳಿಗ್ಗೆ ಕೊನೆಯ ಬಂಡಿ ಹೊನ್ನವ್ವ, ಫಕೀರಪ್ಪರನ್ನು ಹೊತ್ತು ಹೋಯಿತು. ನನ್ನನ್ನು ಒಳಗಿಟ್ಟು ನೆಲಮನೆಯ ಬಾಗಿಲು ಮುಚ್ಚುವ ಮೊದಲು ಇದನ್ನು ಬರೆದು ಮುಗಿಸುತ್ತಿದ್ದೇನೆ. ಹೊನ್ನವ್ವ ತಕ್ಕಡಿ ಹತ್ತುವ ಮುಂಚೆ, ಎಲ್ಲರ ಎದುರಿಗೆ, ಫಕೀರಪ್ಪ ತುಂಬಿದ ತಂಬಿಗೆ ತಂದುಕೊಟ್ಟ. ಅವಳು ಒಂದು ಹನಿ ಬಿಡದೆ ಕುಡಿದಳು. ನಾನು ಅವಳ ಎದೆಗೆ ಕಿವಿಯಿಟ್ಟು ಕೇಳಿದೆ. ನಿಧಾನವಾಗಿ ಬಡಿಯುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.