ಕಡಿಯದೆ ಉಳಿದ ಕಂಬ

ಚಿಂತಾಮಣಿ
10-3-2006, ಶುಕ್ರವಾರ

ವೆಂಕಟರಾಯಪ್ಪನವರಿಗೆ ಗೌತಮಿ ಮಾಡುವ ನಮಸ್ಕಾರ.

ಪೇಟೆ ಬೀದಿಯ ನಿಮ್ಮ ತೊಟ್ಟಿಮನೆ ಸೋಮವಾರ ನನ್ನ ಹೆಸರಿಗೆ ರಿಜಿಸ್ಟರ್ ಆಯ್ತು. ಮಾರಿದ್ದು ನೀವೇ. ಬುಧವಾರ ನಿಮ್ಮ ಮಗ ಮುನಿರಾಜ ಕೊಡಲಿ ಹಿಡಿದು ಬಂದ. "ನಮ್ಮ ತಾತ ಕಟ್ಟಿಸಿದ ಮನೇಲಿ ನೀವು ಒಲೆ ಹಚ್ಚೋದಾ?" ಅಂತ ತಲೆಬಾಗಿಲು ಸೀಳಿದ, ತೊಟ್ಟಿಯ ಮೂರು ಕಂಬ ಕಡಿದ. ತಡೆಯೋಕೆ ಹೋದ ನನ್ನ ತಮ್ಮ ಅಂಬರೀಶನ ತೋಳಿಗೂ ಬೀಸಿದ. ಹದಿನಾಲ್ಕು ಹೊಲಿಗೆ ಬಿದ್ದಿವೆ.

ಬಾಗಿಲು ಹೊಸದಾಗಿ ಮಾಡಿಸ್ತೀನಿ. ಸೂರು ರಿಪೇರಿ ಮಾಡಿಸಿ, ಹಿತ್ತಲ ಕಡೆ ಎರಡು ರೂಮು ಸೇರಿಸ್ತೀನಿ. ಅವನು ಕಡಿಯದೆ ಬಿಟ್ಟ ನಾಲ್ಕನೇ ಕಂಬಕ್ಕೆ ಮಾತ್ರ ಬಣ್ಣ ಕೂಡ ಬಳಿಸಲ್ಲ. ನಾನು ಆರು ವರ್ಷದವಳಿದ್ದಾಗ ನಮ್ಮಪ್ಪ ಬಯ್ಯಪ್ಪ ನಿಮ್ಮ ಮನೆಗೆ ಸೌದೆ ಒಡೆಯೋಕೆ ಬಂದಿದ್ದ. ಬಾಯಾರಿ ನಿಮ್ಮ ಬಾವಿಯಲ್ಲಿ ಒಂದು ಬಿಂದಿಗೆ ನೀರು ಸೇದಿದ್ದಕ್ಕೆ ನೀವು ಅವನನ್ನು ಕಟ್ಟಿ ಹೊಡೆದದ್ದು ಅದೇ ಕಂಬಕ್ಕೆ. ಬಾವಿ ಹಗ್ಗದಲ್ಲೇ ಕಟ್ಟಿದ್ರಿ. ಉಜ್ಜಿದ ಗುರುತು ಇನ್ನೂ ಇದೆ.

ಮುನಿರಾಜ ಓಡುವಾಗ ಕೊಡಲಿ ಇಲ್ಲೇ ಬಿಟ್ಟಿದ್ದಾನೆ. ರಕ್ತ ಒರೆಸಿಲ್ಲ. ಭಾನುವಾರ ಅವನು ಬರಲಿ. ಆ ಕಂಬಕ್ಕೆ ಒರಗಿ ಕೂತು, ನಮ್ಮಮ್ಮ ಅಶ್ವತ್ಥಮ್ಮ ಮಾಡಿಕೊಟ್ಟ ಕಾಫಿ ಕುಡೀಲಿ. ಕೊಡಲಿ ಕೊಟ್ಟು ಕಳಿಸ್ತೀನಿ. ಅಂಬರೀಶನೂ ಇದಕ್ಕೆ ಒಪ್ಪಿದ್ದಾನೆ. ಬರದಿದ್ದರೆ ಸೋಮವಾರ ಅದು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೆ.

ಜೈಲೋ, ನಮ್ಮನೆ ಕಾಫಿಯೋ, ಅವನಿಗೆ ಯಾವುದು ಸುಲಭ ಅಂತ ಕೇಳಿ ತಿಳಿಸಿ.

ಇಂತಿ,
ಬಯ್ಯಪ್ಪನ ಮಗಳು ಗೌತಮಿ