ಮಂಜಿನ ಮೂಲೆಗೊಂದು ಸೇತುವೆ

ಆಷಾಢ ಮೂವತ್ತೇಳು, ೨೩೧೪

ಗದಗಿನ ವಿಠ್ಠಲ ಕೊಪ್ಪದ ಅವರಿಗೆ ಘಟಪ್ರಭೆಯ ದಂಡೆಯಿಂದ ಸಾವಂತ್ರೆವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ತನ್ನ ಮನಸ್ಸಿಗೆ ಬಂದಾಗ ಬರತೊಡಗಿದ ಮೇಲೆ ನಮ್ಮ ಹಿರಿಯರು ಆಷಾಢಕ್ಕೆ ಹತ್ತು ದಿನ ಹೆಚ್ಚಿಗೆ ಸೇರಿಸಿದರು. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಹಳೆಯ ಪುಸ್ತಕ ಓದಿ ಕಲಿತದ್ದು. ಈ ಕಾಗದ ಕೈಸೇರುವಾಗ ನಿಮಗಿನ್ನೂ ಇಪ್ಪತ್ತೆರಡು ವರ್ಷ. ಆದರೂ ನಮ್ಮೂರಿಗೆಲ್ಲ ನೀವು ವಿಠ್ಠಲಜ್ಜ, ನಾನೂ ಹಾಗೆಯೇ ಕರೆಯುತ್ತೇನೆ.

ಅಜ್ಜಾರೆ, ನೀವೀಗ ಕಾಯುತ್ತಿದ್ದೀರಿ. ‘ಕತ್ತಲಕೇರಿ’ ಎಂಬ ಆಟ, ಪರದೆಯ ಮೇಲಿನ ಊರಲ್ಲಿ ಕಳ್ಳನಾಗಿ ಮನಬಂದಲ್ಲಿ ಅಲೆಯುವ ಆಟ, ಇವತ್ತು ಬಂತು ನಾಳೆ ಬಂತು ಎನ್ನುತ್ತಲೇ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಿದೆ. ಕಂಪನಿ ಬಿಟ್ಟ ಎರಡೇ ಟ್ರೇಲರ್‌ಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ನೆರಳು ಯಾವ ಕಡೆ ಬಿದ್ದಿದೆ ಎಂದು ಗೆಳೆಯರೊಡನೆ ಜಗಳಾಡಿ, ಆ ಊರಿನ ನಕ್ಷೆಯನ್ನು ನೀವೇ ಬರೆದಿದ್ದೀರಿ. ಬರುವ ವಾರ ಅದನ್ನು ದೊಡ್ಡ ಫ್ಲೆಕ್ಸ್ ಮಾಡಿಸಿ, ಮೇಲೆ ‘ನಮ್ಮೂರು ಬರಲಿದೆ’ ಎಂದು ಬರೆಸಿ, ನಿಮ್ಮ ಮೊಬೈಲ್ ಅಂಗಡಿಯ ಮುಂದೆ ಕಟ್ಟುತ್ತೀರಿ.

ಆ ಫ್ಲೆಕ್ಸ್ ಕೊಳೆಯಲಿಲ್ಲ. ನಮ್ಮ ಮುತ್ತಜ್ಜಂದಿರ ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿತು. ಸರ್ಕಾರ ಹೊಸ ಊರಿನ ನಕ್ಷೆ ಕಳಿಸುತ್ತದೆಂದು ಅವರು ತಗಡಿನ ಶೆಡ್ಡುಗಳಲ್ಲಿ ಒಂದು ತಲೆಮಾರು ಕಾದರು. ಆಗ ಯಾರದೋ ಮೇವಿನ ಬಣವೆಗೆ ಹೊದಿಸಿದ್ದ, ಕೆಳಗೆ ನಿಮ್ಮ ಹೆಸರಿದ್ದ ನಕ್ಷೆ ಸಿಕ್ಕಿತು. ‘ನಮ್ಮೂರು ಬರಲಿದೆ’ ಎಂದು ಓದಿದ ಮೇಲೆ ಕೇಳಬೇಕೆ? ಸರ್ಕಾರದ ನಕ್ಷೆ ಅಂತೂ ಬಂತಲ್ಲ ಎಂದು ಅತ್ತರು, ತೆಂಗಿನಕಾಯಿ ಒಡೆದರು, ಒಂದು ಗೆರೆಯೂ ತಪ್ಪದಂತೆ ಊರು ಕಟ್ಟಿದರು.

ಅದೇ ಊರಲ್ಲಿ ಕುಳಿತು ಬರೆಯುತ್ತಿದ್ದೇನೆ. ಚಂದದ ಊರು ಅಜ್ಜಾರೆ. ಪೊಲೀಸರಿಂದ ತಪ್ಪಿಸಿಕೊಳ್ಳಲೆಂದು ನೀವು ಊಹಿಸಿದ ಸಂದಿಗಳಿಗೆ ನಾವು ಓಟಗಲ್ಲಿ ಎನ್ನುತ್ತೇವೆ. ಮಧ್ಯಾಹ್ನ ಅಲ್ಲಿ ತಂಪು, ಮುದುಕಿಯರು ಕುಳಿತು ಶಾವಿಗೆ ಹೊಸೆಯುತ್ತಾರೆ. ಮಾಳಿಗೆಯಿಂದ ಮಾಳಿಗೆಗೆ ಕಳ್ಳ ದಾಟಲು ನೀವು ಹಾಕಿದ ಹಲಗೆಗಳ ಮೇಲೆ ಹೆಂಗಸರು ಸಾರಿನ ಪಾತ್ರೆ ಹಿಡಿದು ನೆರೆಮನೆಗೆ ಹೋಗುತ್ತಾರೆ. ದೋಚಲೆಂದು ಬರೆದ ಬ್ಯಾಂಕಿನಲ್ಲಿ ಬಿತ್ತನೆಯ ಜೋಳ ಇಡುತ್ತೇವೆ.

ತೊಂದರೆಯೆಲ್ಲ ಈಶಾನ್ಯ ಮೂಲೆಯದು. ಟ್ರೇಲರ್‌ನಲ್ಲಿ ಅಲ್ಲಿ ಮಂಜು ಕವಿದಿತ್ತು. ನೀವು ಹಳ್ಳದವರೆಗೆ ರಸ್ತೆ ಎಳೆದು, ಆಚೆ ದಂಡೆಗೆ ಆಸ್ಪತ್ರೆ ಬರೆದು, ನಡುವೆ ‘ಆಟ ಬಂದ ಮೇಲೆ ನೋಡೋಣ’ ಎಂದು ಬಿಟ್ಟಿದ್ದೀರಿ. ಆಟ ಬರುವವರೆಗೆ ಅಲ್ಲಿ ಒಂದು ಕಲ್ಲೂ ಇಡಬಾರದೆಂಬುದು ನಮ್ಮೂರ ಕಟ್ಟಳೆಯಾಯಿತು. ಹೋದ ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ನಮ್ಮ ಓಣಿಯ ನೀಲವ್ವನನ್ನು ದೋಣಿಯಲ್ಲಿ ಸಾಗಿಸಿದರು. ಅವಳೂ ಕೂಸೂ ಉಳಿಯಲಿಲ್ಲ.

ನೀವೂ ಗೆಳೆಯರೂ ಜಗಳಾಡಿದ ಹಳೆಯ ಧ್ವನಿಮುದ್ರಿಕೆ ಕೇಳಿ, ಇದು ಸರ್ಕಾರದ ನಕ್ಷೆಯಲ್ಲ, ಕಳ್ಳನ ಆಟದ್ದು ಎಂಬ ನಿಜ ನನಗೆ ತಿಳಿಯಿತು. ಊರ ಹಿರಿಯ ರಾಚಪ್ಪ ಕಾಕಾರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಹೊಟ್ಟೆ ಹಿಡಿದು ನಕ್ಕರು. “ಕಳ್ಳರ ಊರಾದ್ರೇನವಾ, ಕದಾ ತಗದ ಇಟ್ಟ ಮಲಗ್ತೀವಲ್ಲ! ಆದ್ರ ನಕ್ಷಾದಾಗ ಇಲ್ಲದ್ದು ಕಟ್ಟಂಗಿಲ್ಲ ನೋಡ. ಇಷ್ಟ ವರ್ಷ ಕಾದೀವಿ, ಇನ್ನೊಂದಿಷ್ಟ ಕಾಯೋಣು” ಎಂದರು. ಸಿಟ್ಟು ನೆತ್ತಿಗೇರಿ ಎದ್ದು ಬಂದೆ. ಕಾಯುವುದನ್ನೇ ದೇವರು ಮಾಡಿಕೊಂಡವರಿಗೆ ಏನು ಹೇಳುವುದು? ನನ್ನ ಮಗಳು ಕಸ್ತೂರಿಗೆ ಶ್ರಾವಣದಲ್ಲಿ ದಿನ ತುಂಬುತ್ತವೆ. ಹಳ್ಳ ಈಗಲೇ ದಂಡೆ ಮೀರಿದೆ. ನನಗೆ ಹೆದರಿಕೆಯಾಗುತ್ತಿದೆ ಅಜ್ಜಾರೆ.

ಕಾಲದ ಹಿಂದಕ್ಕೆ ಕಾಗದ ಒಯ್ಯುವ ಹಿನ್ನಡೆ ಅಂಚೆ ಎಂಬುದು ನಮ್ಮಲ್ಲಿದೆ. ಜನ್ಮಕ್ಕೆ ಒಂದೇ ಕಾಗದ. ನನ್ನದನ್ನು ನಿಮಗೆ ಹಾಕುತ್ತಿದ್ದೇನೆ. ಆ ಮಂಜಿನ ಮೂಲೆಯಲ್ಲಿ ಒಂದು ಸೇತುವೆ ಎಳೆಯಿರಿ. ಊಹೆ ತಪ್ಪಾದೀತೆಂದು ಅಳುಕಬೇಡಿ, ಗೆಳೆಯರು ನಕ್ಕರೆ ನಗಲಿ. ಆದರೆ ಕಾಯುತ್ತಿರುವಾಗಲೇ, ಫ್ಲೆಕ್ಸ್ ಮಾಡಿಸುವ ಮೊದಲೇ ಎಳೆಯಿರಿ. ಆಟ ಬಂದ ದಿನ ನೀವು ಆಡಲು ಕೂಡುತ್ತೀರಿ, ನಕ್ಷೆಯತ್ತ ತಿರುಗಿಯೂ ನೋಡುವುದಿಲ್ಲ.

ನೀವು ಎಳೆದರೆ ಇಲ್ಲಿ ಮೊದಲಿನಿಂದಲೂ ಸೇತುವೆ ಇತ್ತೆಂದೇ ಆಗುತ್ತದಂತೆ. ಆಗ ಈ ಕಾಗದ ಬರೆದದ್ದು ನನಗೇ ನೆನಪಿರುವುದಿಲ್ಲ. ಕಸ್ತೂರಿ ಕೂಸನ್ನೆತ್ತಿಕೊಂಡು ಸೇತುವೆ ದಾಟಿ ಮನೆಗೆ ಬರುವಾಗ ಆ ಉಪಕಾರಕ್ಕಾಗಿ ನಿಮ್ಮನ್ನು ನೆನೆಯುವವರು ಯಾರೂ ಇರುವುದಿಲ್ಲ. ಅದಕ್ಕೇ ಈಗಲೇ ಕೈಮುಗಿಯುತ್ತಿದ್ದೇನೆ.

ಸಾವಂತ್ರೆವ್ವ